ಮೂರಡಿ ಅಕ್ವೇರಿಯಂನಲ್ಲಿ ನೀರಿಗೊಂದು ದಾರಿ

ಮೇ ತಿಂಗಳ ಒಂದು ಬೆಳಿಗ್ಗೆ ಐದೂವರೆಗೆ ಫೋನ್ ಬಂತು. ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಬಿಲ್ಡಿಂಗ್‌ನಲ್ಲೇ ಎರಡನೇ ಮಹಡಿಯಲ್ಲಿರುವ ಕಾರ್ಕಳದ ಹುಡುಗ. "ಅಣ್ಣ, ಸ್ವಲ್ಪ ಕೆಳಗೆ ಬರ್ತೀರಾ? ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡ್ತಾ ಇವೆ."

ಹೋಗಿ ನೋಡಿದೆ. ಮೂರಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್. ಗಾಜಿಗೆ ಅಂಟಿಸಿದ್ದ ಥರ್ಮಾಮೀಟರ್‌ನಲ್ಲಿ 31 ಡಿಗ್ರಿ. ಜೀಬ್ರಾ ಡ್ಯಾನಿಯೊ, ರೋಸಿ ಬಾರ್ಬ್ ಎಲ್ಲವೂ ನೀರಿನ ಮೇಲ್ಮೈಗೆ ಮೂತಿ ತಾಗಿಸಿ ನಿಂತಿದ್ದವು. ಎಡಮೂಲೆಯಲ್ಲಿ ಗಂಟೆಗೆ 2000 ಲೀಟರ್ ಎಂದು ಬರೆದಿದ್ದ ಪಂಪ್ ಭರ್ರೆಂದು ಓಡುತ್ತಿತ್ತು. ಮೊದಲಿದ್ದ ಚಿಕ್ಕ ಫಿಲ್ಟರ್ ಸಾಲದೆಂದು ಅಂಗಡಿಯವರು ಹೇಳಿದ್ದಕ್ಕೆ ಎರಡು ವಾರದ ಹಿಂದಷ್ಟೇ ತಂದು ಹಾಕಿದ್ದ. ಆದರೆ ಬಲಮೂಲೆಯಲ್ಲಿ, ಮರದ ಬೇರಿನ ಹಿಂದೆ, ಕಂದು ಬಣ್ಣದ ಕಸ ಬೆರಳೆತ್ತರಕ್ಕೆ ಕೂತಿತ್ತು. ಪಂಪಿನ ಪ್ಲಗ್ ತೆಗೆದು ಕೈ ಹಾಕಿ ಕೆದಕಿದರೆ ಕೆಳಗಿನ ಮರಳು ಕಪ್ಪಾಗಿತ್ತು, ಕೊಳೆತ ಮೊಟ್ಟೆಯ ವಾಸನೆ ಬಂತು.

"ಇನ್ನೂ ದೊಡ್ಡ ಪಂಪ್ ಬೇಕಾ ಅಣ್ಣ?" ಅಂದ.

"ಪಂಪ್ ಈಗಲೇ ಜಾಸ್ತಿಯಾಗಿದೆ ಮಾರಾಯ, ನೀರು ಹೋಗುವ ದಾರಿ ಸರಿ ಇಲ್ಲ" ಅಂದೆ. ಆ ದಾರಿಯನ್ನು ಸರಿಮಾಡಲು ಮುಂದಿನ ಎರಡು ವಾರ ನಾವಿಬ್ಬರೂ ಏನೇನು ಮಾಡಿದೆವು, ಯಾಕೆ ಮಾಡಿದೆವು ಎಂಬುದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಆ ಬೆಳಗಿನ ವಿಷಯ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿ ನಿಲ್ಲುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಒಂದು ಲೀಟರ್ ಸಿಹಿನೀರು ಹೆಚ್ಚೆಂದರೆ 9 ಮಿಲಿಗ್ರಾಂನಷ್ಟು ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ; 30 ಡಿಗ್ರಿಗೆ ಅದು 7.5ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಬಿಸಿನೀರಿನಲ್ಲಿ ಮೀನಿನ ಮೈಯೊಳಗಿನ ಕೆಲಸ ವೇಗವಾಗಿ, ಅದಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ರಾತ್ರಿ ಬೆಳಕಿಲ್ಲದಾಗ ಗಿಡಗಳೂ ಆಮ್ಲಜನಕ ಕೊಡುವುದನ್ನು ಬಿಟ್ಟು ತೆಗೆದುಕೊಳ್ಳಲು ಶುರುಮಾಡುತ್ತವೆ. ಹಾಗಾಗಿ ಇಪ್ಪತ್ತನಾಲ್ಕು ಗಂಟೆಯಲ್ಲಿ ಅತಿ ಕಷ್ಟದ ಹೊತ್ತು ಬೆಳಗಿನ ಜಾವ. ಹಗಲಲ್ಲಿ ನೋಡಿದವರಿಗೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ.

ಆಮ್ಲಜನಕ ನೀರಿಗೆ ಇಳಿಯುವುದು ಮುಖ್ಯವಾಗಿ ಮೇಲ್ಮೈಯಿಂದ. ಆದರೆ ನಿಂತ ನೀರಿನಲ್ಲಿ ಅದು ತಾನಾಗಿ ಹರಡುವ ವೇಗ ಗಾಳಿಯಲ್ಲಿ ಹರಡುವುದರ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ಮೇಲಿನ ತೆಳು ಪದರ ತುಂಬಿಕೊಂಡಿದ್ದರೂ ಒಂದಡಿ ಕೆಳಗಿನ ನೀರಿಗೆ ಅದು ತಲುಪುವುದಿಲ್ಲ. ಮೇಲಿನ ನೀರನ್ನು ಕೆಳಗೆ, ಕೆಳಗಿನದ್ದನ್ನು ಮೇಲಕ್ಕೆ ನಾವೇ ಕಳಿಸಬೇಕು. ಗುಳ್ಳೆ ಬಿಡುವ ಏರ್ ಪಂಪ್ ಮಾಡುವ ದೊಡ್ಡ ಉಪಕಾರವೂ ಇದೇ: ಗುಳ್ಳೆಗಳು ಏಳುವಾಗ ಕೆಳಗಿನ ನೀರನ್ನು ಮೇಲಕ್ಕೆ ಎಳೆದು ತಂದು ಮೇಲ್ಮೈಯನ್ನು ಕಲಕುತ್ತವೆ. ಗುಳ್ಳೆಯೊಳಗಿನ ಗಾಳಿ ನೇರವಾಗಿ ಕರಗುವ ಪಾಲು ಚಿಕ್ಕದು.

ಉಸಿರಾಡುವವು ಮೀನುಗಳಷ್ಟೇ ಅಲ್ಲ. ಮೀನಿನ ಹಿಕ್ಕೆಯಿಂದ, ಕಿವಿರಿನಿಂದ ಬರುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಫಿಲ್ಟರ್‌ನ ಸ್ಪಾಂಜ್‌ನಲ್ಲಿ, ಮರಳಿನಲ್ಲಿ ಮನೆ ಮಾಡಿರುತ್ತವೆ. ಅಮೋನಿಯಾದಲ್ಲಿರುವ 1 ಗ್ರಾಂ ಸಾರಜನಕವನ್ನು ನೈಟ್ರೇಟ್‌ವರೆಗೆ ಒಯ್ಯಲು ಅವಕ್ಕೆ ಸುಮಾರು 4.5 ಗ್ರಾಂ ಆಮ್ಲಜನಕ ಬೇಕು. ಹರಿವು ತಲುಪದ ಮೂಲೆಯಲ್ಲಿ ಈ ಬ್ಯಾಕ್ಟೀರಿಯಾ ಬದುಕುವುದಿಲ್ಲ; ಆಮ್ಲಜನಕ ಬೇಡದ ಬೇರೆ ಬಗೆಯವು ಸೇರಿಕೊಳ್ಳುತ್ತವೆ. ಕಪ್ಪು ಮರಳು, ಮೊಟ್ಟೆ ವಾಸನೆ ಅವುಗಳದ್ದು. ಆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಮೀನಿಗೆ ವಿಷ.

ಹಾಗಾದರೆ 2000 ಲೀಟರಿನ ಪಂಪ್ ಇದ್ದೂ ಹೀಗ್ಯಾಕಾಯಿತು? ನೀರು ಹೇಗೆ ಓಡುತ್ತಿದೆ ಎಂದು ಕಣ್ಣಾರೆ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಅದಕ್ಕೆ ಬಣ್ಣ ಬೇಡ, ಔಷಧಿ ಬೇಡ. ಒಂದು ಚಿಟಿಕೆ ಮೀನಿನ ಆಹಾರವನ್ನು ಬೆರಳಲ್ಲಿ ಹೊಸಕಿ ನುಣ್ಣಗೆ ಮಾಡಿ, ಅರ್ಧ ಲೋಟ ಟ್ಯಾಂಕ್ ನೀರಿನಲ್ಲಿ ಕದಡಿ, ಸೂಜಿ ಇಲ್ಲದ ಸಿರಿಂಜ್‌ನಲ್ಲಿ ಎಳೆದುಕೊಂಡೆವು. ಟ್ಯಾಂಕಿನ ದೀಪ ಮಾತ್ರ ಹಾಕಿ, ಒಂದೊಂದು ಜಾಗದಲ್ಲಿ ಒಂದೊಂದು ಹನಿ ಮೆಲ್ಲಗೆ ಬಿಟ್ಟೆವು. ಪಂಪಿನ ಬಾಯಿಯ ಎದುರು ಬಿಟ್ಟಿದ್ದು ಮುಂದಿನ ಗಾಜಿಗೆ ಹೋಗಿ ಬಡಿದು, ಗಾಜಿನ ಗುಂಟ ಕೆಳಗಿಳಿದು, ನಾಲ್ಕೈದು ಸೆಕೆಂಡಿನಲ್ಲಿ ಮತ್ತೆ ಅದೇ ಪಂಪಿನ ತಳದ ಜಾಲರಿಗೆ ನುಗ್ಗಿತು. ಬಲಮೂಲೆಯಲ್ಲಿ ಬಿಟ್ಟ ಮೋಡ ಹೊಗೆಯ ಹಾಗೆ ಅಲ್ಲೇ ತೇಲಿಕೊಂಡಿತ್ತು. ನಿಮಿಷ ಕಳೆದರೂ ಅದರ ಆಕಾರ ಕೂಡ ಕೆಡಲಿಲ್ಲ. ಶುದ್ಧವಾದ ನೀರೇ ಮತ್ತೆ ಮತ್ತೆ ಶುದ್ಧವಾಗುತ್ತಿತ್ತು. ಪಂಪಿನ ಶಕ್ತಿ ಎರಡು ಪಟ್ಟು ಮಾಡಿದರೆ ಆ ಚಿಕ್ಕ ಸುತ್ತು ಇನ್ನಷ್ಟು ಜೋರಾಗುತ್ತದೆ ಅಷ್ಟೇ.

ಲೆಕ್ಕ ಹಾಕಿದರೆ ಈ ಟ್ಯಾಂಕಿಗೆ ಅಷ್ಟು ದೊಡ್ಡ ಪಂಪ್ ಬೇಕಾಗಿಯೇ ಇರಲಿಲ್ಲ. 3 × 1 × 1.5 ಅಡಿ ಅಂದರೆ ಅಂಚಿನವರೆಗೆ ಸುಮಾರು 127 ಲೀಟರ್. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ 110 ಲೀಟರ್ ನೀರು. ಸಾಮಾನ್ಯ ಮೀನುಗಳ ಟ್ಯಾಂಕಿನಲ್ಲಿ ಗಂಟೆಗೆ ಐದಾರು ಸಲ ನೀರು ಪೂರ್ತಿ ಫಿಲ್ಟರ್ ಹಾದರೆ ಸಾಕು ಎಂಬುದು ನಾವೆಲ್ಲ ಪಾಲಿಸುವ ಲೆಕ್ಕ. ಅಂದರೆ ನಿಜವಾಗಿ ಹರಿಯುವ ನೀರು ಗಂಟೆಗೆ 550ರಿಂದ 660 ಲೀಟರ್.

ನಿಜವಾಗಿ ಎಂದು ಒತ್ತಿ ಹೇಳಲು ಕಾರಣವಿದೆ. ಪಂಪಿನ ಡಬ್ಬದ ಮೇಲಿನ ಅಂಕಿ ಪೈಪಿಲ್ಲದ, ಎತ್ತರವಿಲ್ಲದ ಸ್ಥಿತಿಯದ್ದು. ಅದರ ಪಕ್ಕದಲ್ಲೇ ಹೆಡ್ ಅಂತ ಇನ್ನೊಂದು ಅಂಕಿ ಇರುತ್ತದೆ, 1.5 ಮೀಟರ್ ಎಂದಿಟ್ಟುಕೊಳ್ಳಿ. ಆ ಎತ್ತರಕ್ಕೆ ನೀರು ಏರುತ್ತದೆ, ಆದರೆ ಹರಿಯುವುದಿಲ್ಲ. ಅಲ್ಲಿ ಹರಿವು ಸೊನ್ನೆ. ಈ ಎರಡು ತುದಿಗಳ ನಡುವೆ ಎಲ್ಲೋ ನಮ್ಮ ಟ್ಯಾಂಕ್ ಇದೆ.

ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಪಂಪ್ ತಳದಲ್ಲಿದೆ, ನೀರು ಒಂದೂವರೆ ಅಡಿ ಮೇಲೇರಬೇಕು, ಹಾಗಾಗಿ ಅಷ್ಟು ಎತ್ತರದ ನಷ್ಟ ಎಂದು ಲೆಕ್ಕ ಹಾಕುತ್ತಾರೆ. ಹಾಗಲ್ಲ. ಪೈಪಿನೊಳಗಿನ ನೀರು ಎಷ್ಟು ಕೆಳಗೆ ಒತ್ತುತ್ತದೋ, ಪೈಪಿನ ಹೊರಗಿನ ಟ್ಯಾಂಕ್ ನೀರು ಪಂಪಿನ ಬಾಯಿಗೆ ಅಷ್ಟೇ ಒತ್ತುತ್ತದೆ. ಎರಡೂ ಸರಿಸಮ. ನೀರು ಹೊರಬರುವ ಜಾಗ ಮೇಲ್ಮೈಗಿಂತ ಕೆಳಗಿದ್ದರೆ ಎತ್ತರದ ನಷ್ಟ ಸೊನ್ನೆ; ಮೇಲ್ಮೈಗಿಂತ ಮೂರು ಇಂಚು ಮೇಲೆ ಬಿದ್ದರೆ ಆ ಮೂರು ಇಂಚಿನಷ್ಟು ಮಾತ್ರ. ಮೇಜಿನ ಕೆಳಗೆ ಸಂಪ್, ಅಂದರೆ ಟ್ಯಾಂಕಿನ ನೀರು ಇಳಿದು ಸೇರುವ ಎರಡನೇ ತೊಟ್ಟಿ, ಇಟ್ಟು ಅಲ್ಲಿಂದ ಮೇಲಕ್ಕೆ ಎತ್ತುವವರಿಗೆ ಎರಡು ನೀರಿನ ಮಟ್ಟಗಳ ನಡುವಿನ ಎತ್ತರ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ನಮಗೆ ನಷ್ಟ ಎಲ್ಲಾ ಪೈಪಿನ ಉಜ್ಜಾಟದಿಂದ, ತಿರುವುಗಳಿಂದ ಮತ್ತು ಕೊನೆಯ ರಂಧ್ರಗಳಿಂದ.

ಶನಿವಾರ ಮುಂಬೈನ ರೈಲು ನಿಲ್ದಾಣ ಸಿಎಸ್‌ಎಂಟಿಯಲ್ಲಿ ಇಳಿದು, ಕ್ರಾಫರ್ಡ್ ಮಾರ್ಕೆಟ್‌ನ ಅಕ್ವೇರಿಯಂ ಅಂಗಡಿಗಳಲ್ಲಿ ಸಾವಿರ ಲೀಟರಿನ 18 ವ್ಯಾಟ್ ಪಂಪ್ ಮತ್ತು ಅದರ ಎಳೆಯುವ ಬಾಯಿಗೆ ಫಿಲ್ಟರ್ ಆಗಿ ಕೂರಿಸಲು ಒರಟು ಸ್ಪಾಂಜ್ ತೆಗೆದುಕೊಂಡು, ನಾಗದೇವಿ ಸ್ಟ್ರೀಟ್ ಕಡೆ ನಡೆದೆವು. ಅಲ್ಲಿ ಕುಡಿಯುವ ನೀರಿನ ಬಿಳಿ ಪಿವಿಸಿ ಪೈಪ್ ಮೂರು ಮೀಟರ್ ಕೊಂಡು, ಲೋಕಲ್‌ನಲ್ಲಿ ತರಬೇಕಲ್ಲ, ಅಂಗಡಿಯಲ್ಲೇ ಮೂರು ತುಂಡು ಮಾಡಿಸಿದೆವು. ತಿರುವಿಗೆ ಎಲ್ಬೋ, ಕವಲಿಗೆ ಟೀ, ತುದಿ ಮುಚ್ಚಲು ಎಂಡ್ ಕ್ಯಾಪ್ ಕೆಲವು. ಹಿತ್ತಾಳೆಯ ಫಿಟ್ಟಿಂಗ್ ಬೇಡ ಎಂದೆ. ಹಿತ್ತಾಳೆಯಲ್ಲಿರುವ ತಾಮ್ರ ನೀರಿಗಿಳಿದರೆ ಸೀಗಡಿ, ಬಸವನಹುಳುಗಳಿಗೆ ಬಹಳ ಬೇಗ ತಟ್ಟುತ್ತದೆ. ಕಬ್ಬಿಣದ ಕ್ಲಾಂಪ್ ಕೂಡ ತುಕ್ಕು ಹಿಡಿಯುತ್ತದೆ.

ನಮ್ಮ ಮೊದಲ ಯೋಜನೆ ನೋಡುವುದಕ್ಕೆ ಸರಿಯಾಗಿಯೇ ಇತ್ತು. ನೀರು ಎಳೆಯುವ ಜಾಗ, ಬಿಡುವ ಜಾಗ ಎರಡೂ ಒಂದೇ ಮೂಲೆಯಲ್ಲಿದ್ದದ್ದೇ ತಪ್ಪು ಎಂದುಕೊಂಡು, ಪಂಪನ್ನು ಬಲತಳದಲ್ಲಿ ಕಸ ಕೂರುವ ಕಡೆ ಇಟ್ಟೆವು. ಅಲ್ಲಿಂದ ಅರ್ಧ ಇಂಚಿನ ಪೈಪ್ ಮೇಲೆ ಏರಿಸಿ, ಹಿಂದಿನ ಗಾಜಿನ ಗುಂಟ ಎಡಕ್ಕೆ ಓಡಿಸಿ, ಎಡಗಾಜಿನ ಮೇಲಂಚಿನಲ್ಲಿ ರಂಧ್ರ ಕೊರೆದ ಅಡ್ಡ ಪೈಪ್, ಅಂದರೆ ಸ್ಪ್ರೇ ಬಾರ್, ಕೂರಿಸಿದೆವು. ರಂಧ್ರಗಳು ಟ್ಯಾಂಕಿನ ಉದ್ದಕ್ಕೆ ಮುಖ ಮಾಡಿದ್ದವು. ನೀರು ಎಡದಿಂದ ಬಲಕ್ಕೆ ಚೆನ್ನಾಗಿಯೇ ಹರಿಯಿತು. ಮೂರನೇ ದಿನ ನೋಡಿದರೆ ಕಸ ಎಡತಳದಲ್ಲಿ, ಸ್ಪ್ರೇ ಬಾರಿನ ನೇರ ಕೆಳಗೆ ಗುಡ್ಡೆಯಾಗಿತ್ತು!

ಸಿರಿಂಜ್ ಮತ್ತೆ ಹೊರಗೆ ಬಂತು. ಆಗ ಗೊತ್ತಾದದ್ದು ಇದು. ಮೇಲೆ ಬಲಕ್ಕೆ ಓಡಿದ ನೀರು ಬಲಗಾಜಿಗೆ ತಾಗಿ ಕೆಳಗಿಳಿಯುತ್ತದೆ. ಇಳಿದದ್ದು ತಳದಲ್ಲಿ ಎಡಕ್ಕೆ ವಾಪಸು ಹೊರಡುತ್ತದೆ. ಗಾಣದ ಎತ್ತಿನ ಸುತ್ತಿನಂತೆ, ಆದರೆ ನೆಲದ ಮೇಲೆ ಮಲಗಿದ ಸುತ್ತಲ್ಲ, ಮೇಲೆ ಕೆಳಗೆ ತಿರುಗುವ ಸುತ್ತು. ಪಂಪ್ ಎಳೆಯುವ ನೀರು ಈ ಸುತ್ತಿನಲ್ಲಿ ಓಡಾಡುವ ನೀರಿನ ಒಂದು ಚಿಕ್ಕ ಪಾಲು. ರಂಧ್ರದಿಂದ ಹೊರಟ ಧಾರೆ ತನ್ನ ಅಕ್ಕಪಕ್ಕದ ನೀರನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ, ದೂರ ಹೋದಷ್ಟೂ ದಪ್ಪವಾಗುತ್ತದೆ, ನಿಧಾನವಾಗುತ್ತದೆ. ಹಾಗೆ ಸೇರಿದ ಅಷ್ಟೂ ನೀರು ತಳದ ಕಸವನ್ನು ಎಡಕ್ಕೆ ಗುಡಿಸುತ್ತಿತ್ತು, ನಾವು ಪೊರಕೆಯ ಹಿಂದೆ ಮೊರ ಇಟ್ಟಿದ್ದೆವು.

ಪಂಪನ್ನು ಎಡತಳಕ್ಕೆ, ಸ್ಪ್ರೇ ಬಾರಿನ ಕೆಳಗೇ ತಂದೆವು. ಮೊದಲಿದ್ದ ಮೂಲೆಯೇ! ಆದರೆ ಈಗ ನೀರು ಒಂದಡಿ ದೂರದ ಎದುರಿನ ಗಾಜಿಗೆ ಹೊಡೆದು ವಾಪಸಾಗುತ್ತಿರಲಿಲ್ಲ. ಮೇಲೆ ಮೂರಡಿ ಹೋಗಿ, ಇಳಿದು, ತಳದಲ್ಲಿ ಮೂರಡಿ ವಾಪಸು ಬಂದು ಸ್ಪಾಂಜಿಗೆ ಸೇರುತ್ತಿತ್ತು. ಎಳೆಯುವ ಬಾಯಿ, ಬಿಡುವ ಬಾಯಿಗಳ ನಡುವೆ ಸ್ಕೇಲ್ ಹಿಡಿದು ಅಳೆಯುವ ದೂರಕ್ಕಿಂತ, ಒಂದರಿಂದ ಇನ್ನೊಂದಕ್ಕೆ ನೀರು ನಡೆಯುವ ದೂರವೇ ಮುಖ್ಯ. ಬೇರನ್ನು ಚಪ್ಪಟೆ ಕಲ್ಲುಗಳ ಮೇಲೆ ಎತ್ತಿ ಕೂರಿಸಿ ಕೆಳಗೆ ಎರಡು ಬೆರಳಿನಷ್ಟು ಜಾಗ ಬಿಟ್ಟೆವು, ವಾಪಸು ಬರುವ ಹರಿವಿಗೆ ಅಡ್ಡ ಬಾರದಂತೆ.

ಈ ಬದಲಾವಣೆಯಿಂದ ಇನ್ನೊಂದು ಲಾಭವಾಯಿತು: ಪೈಪ್ ಗಿಡ್ಡವಾಯಿತು, ನಾಲ್ಕು ಎಲ್ಬೋ ಇದ್ದದ್ದು ಎರಡಾಯಿತು. 90 ಡಿಗ್ರಿಯ ಒಂದು ಸಾಧಾರಣ ಎಲ್ಬೋ, ಪೈಪಿನ ಒಳವ್ಯಾಸದ ಸುಮಾರು 30 ಪಟ್ಟು ಉದ್ದದ ನೇರ ಪೈಪಿನಷ್ಟು ತಡೆ ಒಡ್ಡುತ್ತದೆ. ಒಳಗೆ 16 ಮಿ.ಮೀ. ಇರುವ ಪೈಪಿಗೆ ಅದು ಹೆಚ್ಚುಕಡಿಮೆ ಅರ್ಧ ಮೀಟರ್. ನಾಲ್ಕು ಎಲ್ಬೋ ಅಂದರೆ ಕಣ್ಣಿಗೆ ಕಾಣದ ಎರಡು ಮೀಟರ್ ಪೈಪ್. ವ್ಯಾಸದ ಪ್ರಭಾವ ಇನ್ನೂ ದೊಡ್ಡದು. ಅಷ್ಟೇ ನೀರು ಹರಿಸುವಾಗ ಉಜ್ಜಾಟದ ನಷ್ಟ ಒಳವ್ಯಾಸದ ಐದನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. 16 ಮಿ.ಮೀ. ಬದಲು 21 ಮಿ.ಮೀ. ಒಳವ್ಯಾಸದ ಮುಕ್ಕಾಲು ಇಂಚಿನ ಪೈಪ್ ಹಾಕಿದರೆ ನಷ್ಟ ಕಾಲುಭಾಗಕ್ಕೆ ಬರುತ್ತದೆ. ಹಾಗಾಗಿ ಪಂಪಿನಿಂದ ಮೇಲೇರುವ ಪೈಪನ್ನು ಮುಕ್ಕಾಲು ಇಂಚಿಗೆ ಬದಲಿಸಿದೆವು. ಅಂಗಡಿಯಲ್ಲಿ ಅರ್ಧ ಇಂಚು, ಮುಕ್ಕಾಲು ಇಂಚು ಎನ್ನುವುದು ಹೆಸರು ಮಾತ್ರ. ಪೈಪಿನ ಗೋಡೆಯ ದಪ್ಪದ ಮೇಲೆ ಒಳವ್ಯಾಸ ಬದಲಾಗುತ್ತದೆ. ಸ್ಕೇಲ್ ಇಟ್ಟು ನೋಡಿಯೇ ಕೊಳ್ಳಬೇಕು.

ಹರಿವನ್ನು ಅಳೆಯಲು ಬಕೆಟ್ ಮತ್ತು ಮೊಬೈಲ್ ಸಾಕು. ದೊಡ್ಡ ಟಬ್‌ನಲ್ಲಿ ನೀರು ತುಂಬಿ ಪಂಪ್ ಮುಳುಗಿಸಿ, ಸ್ಪ್ರೇ ಬಾರನ್ನು ಪಕ್ಕದ ಬಕೆಟ್ಟಿನಲ್ಲಿ ಹಿಡಿದು, 10 ಲೀಟರ್ ತುಂಬಲು ಎಷ್ಟು ಸೆಕೆಂಡ್ ಎಂದು ನೋಡುವುದು. 36,000ವನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಲೀಟರ್ ಎಂಬುದು ಸಿಗುತ್ತದೆ. ಮೊದಲ ಯೋಜನೆಯ ಉದ್ದ ಪೈಪಿಗೆ 84 ಸೆಕೆಂಡ್ ಬೇಕಾಗಿತ್ತು, ಅಂದರೆ 430 ಲೀಟರ್ ಹತ್ತಿರ. ಎರಡನೆಯದಕ್ಕೆ 55 ಸೆಕೆಂಡ್: 655 ಲೀಟರ್. ಪಂಪ್ ಅದೇ, ಕರೆಂಟೂ ಅಷ್ಟೇ. ತಿಂಗಳಿಗೆ 13 ಯೂನಿಟ್. ಪಂಪ್ ತಿನ್ನುವ ಕರೆಂಟ್ ಬಹುಪಾಲು ಶಾಖವಾಗಿ ನೀರಿಗೇ ಸೇರುವುದರಿಂದ, ಮುಂಬೈ ಕಡೆಯ ಮೇ ತಿಂಗಳಲ್ಲಿ ಬೇಕಾದ್ದಕ್ಕಿಂತ ದೊಡ್ಡ ಪಂಪ್ ಇಡುವುದು ಮೀನಿಗೆ ಎರಡು ಬಗೆಯ ಹಿಂಸೆ: ರಭಸವೂ ಜಾಸ್ತಿ, ಬಿಸಿಯೂ ಜಾಸ್ತಿ.

ಸ್ಪ್ರೇ ಬಾರಿನ ರಂಧ್ರಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ನಮ್ಮ ಊರಿನ ಅನುಭವ ಇಲ್ಲಿ ದಾರಿ ತಪ್ಪಿಸುತ್ತದೆ. ಅಡಿಕೆ ತೋಟದಲ್ಲಿ ಸೀಳಿದ ಮರದ ದಂಬೆಯಲ್ಲಿ ನೀರು ಹಾಯಿಸುತ್ತಿದ್ದುದನ್ನು ನೋಡಿ ಬೆಳೆದವನು ನಾನು. ದಂಬೆಯ ಕೊನೆಯ ಮರಕ್ಕೆ ಯಾವಾಗಲೂ ನೀರು ಕಡಿಮೆ. ಹಾಗಾಗಿ ಸ್ಪ್ರೇ ಬಾರಿನಲ್ಲೂ ಕೊನೆಯ ರಂಧ್ರ ದೊಡ್ಡದಿರಬೇಕು ಎಂದು ಅನ್ನಿಸುವುದು ಸಹಜ. ಆದರೆ ತುದಿ ಮುಚ್ಚಿದ ಗಿಡ್ಡ ಪೈಪಿನಲ್ಲಿ ಆಗುವುದು ತದ್ವಿರುದ್ಧ. ನೀರು ದಾರಿಯುದ್ದಕ್ಕೂ ರಂಧ್ರಗಳಿಂದ ಹೊರಬೀಳುತ್ತಾ ಹೋದಂತೆ ಒಳಗೆ ಉಳಿದ ನೀರಿನ ವೇಗ ಇಳಿಯುತ್ತದೆ. ಕಳೆದುಹೋದ ವೇಗ ಒತ್ತಡವಾಗಿ ಮರಳುತ್ತದೆ. ಒಂದಡಿ ಪೈಪಿನಲ್ಲಿ ಉಜ್ಜಾಟದ ನಷ್ಟ ಅದಕ್ಕಿಂತ ಕಡಿಮೆ. ಹಾಗಾಗಿ ಮುಚ್ಚಿದ ತುದಿಯ ರಂಧ್ರವೇ ಜೋರಾಗಿ ಚಿಮ್ಮುತ್ತದೆ, ಪಂಪಿನ ಪಕ್ಕದ್ದು ಸೊರಗುತ್ತದೆ.

ಪರಿಹಾರ ಸುಲಭ. ಎಲ್ಲಾ ರಂಧ್ರಗಳ ಒಟ್ಟು ವಿಸ್ತೀರ್ಣ ಪೈಪಿನ ಒಳಬಾಯಿಯ ವಿಸ್ತೀರ್ಣದ ಮುಕ್ಕಾಲು ಭಾಗ ದಾಟದಂತೆ ನೋಡಿಕೊಂಡರೆ ಒಳಗಿನ ಒತ್ತಡ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಆಗಿ ನಿಲ್ಲುತ್ತದೆ. 16 ಮಿ.ಮೀ. ಪೈಪಿನ ವಿಸ್ತೀರ್ಣ ಸುಮಾರು 200 ಚದರ ಮಿ.ಮೀ.; 4 ಮಿ.ಮೀ. ರಂಧ್ರದ್ದು 12.5. ಹನ್ನೆರಡು ರಂಧ್ರ ಕೊರೆದರೆ 150. ತೀರಾ ಕಡಿಮೆ ಕೊರೆದರೆ ಒತ್ತಡ ಏರಿ ಹರಿವೇ ಕುಸಿಯುತ್ತದೆ. ಮೊದಲು ಎಂಟು ಕೊರೆದು, ಬಕೆಟ್ಟಿನಲ್ಲಿ ಅಳೆದು, ಬೇಕೆನಿಸಿದಷ್ಟು ಕೂಡಿಸುತ್ತಾ ಹೋಗುವುದು ಕ್ಷೇಮ. ಕೊರೆದ ರಂಧ್ರ ಮುಚ್ಚುವುದು ಕಷ್ಟ.

ಕೊರೆಯಲು ಡ್ರಿಲ್ಲೇ ಬೇಕು. ಕಾದ ಮೊಳೆಯಲ್ಲಿ ಚುಚ್ಚಬೇಡಿ. ಪಿವಿಸಿ ಸುಟ್ಟಾಗ ಬರುವ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ, ಮುಚ್ಚಿದ ಫ್ಲಾಟಿನಲ್ಲಿ ಅದು ಶ್ವಾಸಕ್ಕೆ ಅಪಾಯ. ಪೈಪಿನ ಉದ್ದಕ್ಕೆ ಮಾರ್ಕರ್‌ನಲ್ಲಿ ಒಂದು ನೇರ ಗೆರೆ ಎಳೆದು, ಅದರ ಮೇಲೆ ಮೊಳೆಯ ತುದಿಯಿಂದ ಸಣ್ಣ ಗುಳಿ ಮಾಡಿ, 2 ಮಿ.ಮೀ. ಬಿಟ್‌ನಿಂದ ಶುರುಮಾಡಿ 4ಕ್ಕೆ ಹಿಗ್ಗಿಸಿ. ರಂಧ್ರದ ಒಳಬಾಯಿಯಲ್ಲಿ ಪ್ಲಾಸ್ಟಿಕ್ ಸಿಪ್ಪೆ ಉಳಿದರೆ ಧಾರೆ ಸೊಟ್ಟ ಹೋಗುತ್ತದೆ, ಕಸವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕೋಲಿಗೆ ಸ್ಯಾಂಡ್ ಪೇಪರ್ ಸುತ್ತಿ ಒಳಗೆ ಎಳೆದಾಡಿ. ಟ್ಯಾಂಕಿನ ಒಳಗಿನ ಜೋಡಣೆಗೆ ಪೈಪ್ ಅಂಟಿಸುವ ಸಲ್ಯೂಷನ್ ಹಚ್ಚಲೇ ಇಲ್ಲ ನಾವು. ಒತ್ತಿ ಕೂರಿಸಿದರೆ ಸಾಕು, ಒಂದೆರಡು ಹನಿ ಸೋರಿದರೂ ಟ್ಯಾಂಕಿನಲ್ಲೇ ಸೋರುತ್ತದೆ. ತೊಳೆಯುವಾಗ ಬಿಚ್ಚಲೂ ಬರುತ್ತದೆ. ಸ್ಪ್ರೇ ಬಾರ್ ಮೇಲ್ಮೈಗಿಂತ ಒಂದು ಬೆರಳು ಕೆಳಗೆ, ರಂಧ್ರಗಳು ಸ್ವಲ್ಪ ಮೇಲ್ಮುಖ. ಸರಿಯಾಗಿ ಕೂತಾಗ ಮೇಲಿನ ಜಿಡ್ಡಿನ ಪೊರೆ ಒಡೆದು, ದೀಪದ ಬೆಳಕು ತಳದ ಮರಳಿನ ಮೇಲೆ ಬಲೆಯಂತೆ ಆಡತೊಡಗುತ್ತದೆ. ಅದನ್ನು ನೋಡಿದ ಹುಡುಗ ಮಾತೇ ಆಡದೆ ಎಷ್ಟೋ ಹೊತ್ತು ನಿಂತಿದ್ದ.

ಪಂಪೂ ಪೈಪೂ ಟ್ಯಾಂಕಿನ ಒಳಗೇ ಇರುವುದರಿಂದ ನಮಗೆ ಮನೆ ತುಂಬ ನೀರಾಗುವ ಭಯವಿಲ್ಲ. ಸಂಪ್ ಇಡುವವರು ಒಂದು ವಿಷಯ ಮರೆಯಬಾರದು. ಕರೆಂಟ್ ಹೋದ ಕ್ಷಣ ನೀರು ಮುಳುಗಿದ ಸ್ಪ್ರೇ ಬಾರಿನ ಮೂಲಕವೇ ಹಿಂದಕ್ಕೆ ಇಳಿಯಲು ಶುರುವಾಗಿ, ಸಂಪ್ ತುಂಬಿ ನೆಲಕ್ಕೆ, ಅಲ್ಲಿಂದ ಕೆಳಗಿನ ಮನೆಯವರ ಸೀಲಿಂಗ್‌ಗೆ ಹೋಗುತ್ತದೆ. ಏರುಪೈಪಿನಲ್ಲಿ ಮೇಲ್ಮೈಗಿಂತ ಸ್ವಲ್ಪವೇ ಕೆಳಗೆ ಒಂದು ರಂಧ್ರ ಕೊರೆದು, ಸ್ಪ್ರೇ ಬಾರನ್ನೂ ಆದಷ್ಟು ಮೇಲೆ ಇಟ್ಟರೆ, ನೀರು ಅಲ್ಲಿಗೆ ಇಳಿದಾಗ ಗಾಳಿ ನುಗ್ಗಿ ಹರಿವು ಕಡಿಯುತ್ತದೆ. ನೀವು ಮನೆಯಲ್ಲಿರುವಾಗಲೇ ಪ್ಲಗ್ ಕಿತ್ತು ಎಷ್ಟು ನೀರು ಇಳಿಯುತ್ತದೆ ಎಂದು ನೋಡಿಯೇ ಇಡಿ. ಪಂಪಿನ ವೈರ್ ಸಾಕೆಟ್ಟಿಗಿಂತ ಕೆಳಗೆ ಜೋತು ಮತ್ತೆ ಮೇಲೇರಲಿ, ವೈರ್ ಗುಂಟ ಇಳಿದ ಹನಿ ಆ ಜೋಲಿನಲ್ಲೇ ಬೀಳುತ್ತದೆ. ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇಲ್ಲದ ಲೈನಿಗೆ ಟ್ಯಾಂಕ್ ಜೋಡಿಸಬೇಡಿ. ಕೈ ಹಾಕುವ ಮೊದಲು ಪ್ಲಗ್ ತೆಗೆಯಿರಿ.

ಹರಿವು ಎಷ್ಟಿರಬೇಕು ಎಂದು ಕೊನೆಗೆ ಹೇಳುವುದು ಮೀನುಗಳೇ. ಡ್ಯಾನಿಯೊಗಳು ಹರಿವಿಗೆ ಎದುರಾಗಿ ಈಜುವುದನ್ನು ಇಷ್ಟಪಡುತ್ತವೆ. ಪಶ್ಚಿಮಘಟ್ಟದ ಹೊಳೆಗಳ ಡೆನಿಸನ್ ಬಾರ್ಬ್‌ಗಂತೂ ಇದಕ್ಕಿಂತ ಉದ್ದದ ಟ್ಯಾಂಕ್, ಇದಕ್ಕಿಂತ ಜೋರು ಹರಿವು ಬೇಕು. ಫೈಟರ್, ಗೌರಾಮಿಗಳು ನಿಂತ ನೀರಿನವು, ಮೇಲಿನ ಗಾಳಿಯನ್ನೇ ಗುಟುಕರಿಸಿ ಉಸಿರಾಡಬಲ್ಲವು. ಅವಕ್ಕೆ ಈ ಹರಿವು ಶಿಕ್ಷೆ. ಮೀನು ಗಿಡದ ಮರೆ ಬಿಟ್ಟು ಬರದಿದ್ದರೆ ಏರುಪೈಪಿನಲ್ಲಿ ಒಂದು ಪ್ಲಾಸ್ಟಿಕ್ ಬಾಲ್ ವಾಲ್ವ್ ಹಾಕಿ ತಗ್ಗಿಸಿ. ಪಂಪ್ ನೀರು ಬಿಡುವ ಕಡೆ ಮಾತ್ರ ತಗ್ಗಿಸಬೇಕು. ಎಳೆಯುವ ಕಡೆ ಕಟ್ಟಿದರೆ ಪಂಪ್ ಒಣಗಿ ಕಾಯುತ್ತದೆ. ಸ್ಪಾಂಜ್ ಕಸ ತುಂಬಿ ಬಿಗಿದಾಗಲೂ ಆಗುವುದು ಅದೇ. ಹದಿನೈದು ದಿನಕ್ಕೊಮ್ಮೆ ಟ್ಯಾಂಕಿನಿಂದ ತೆಗೆದ ನೀರಲ್ಲೇ ಅದನ್ನು ಹಿಂಡಿ. ನಲ್ಲಿಯ ಕ್ಲೋರಿನ್ ನೀರು ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಎರಡು ತಿಂಗಳಿಗೊಮ್ಮೆ ಸ್ಪ್ರೇ ಬಾರ್ ಬಿಚ್ಚಿ, ತುದಿಯ ಕ್ಯಾಪ್ ತೆಗೆದು, ಬಾಟಲ್ ಬ್ರಶ್ ಹಾಕಿ ತಿಕ್ಕಿದರೆ ಪಾಚಿ ಹೋಗುತ್ತದೆ.

ಜೋಡಣೆ ಮುಗಿದ ಮರುವಾರ ನಾನೇ ಬೆಳಗಿನ ಐದಕ್ಕೆ ಕೆಳಗಿಳಿದೆ. ಥರ್ಮಾಮೀಟರ್ ಇನ್ನೂ 31ರಲ್ಲೇ ಇತ್ತು. ಬಲಮೂಲೆಯಲ್ಲಿ ಬೇರಿನ ಹಿಂದೆ ಸಿರಿಂಜ್‌ನಿಂದ ಒಂದು ಹನಿ ಬಿಟ್ಟೆವು. ಮೋಡ ಒಂದು ಕ್ಷಣ ತಡೆದು, ತಳಕ್ಕಿಳಿದು, ಎತ್ತಿಟ್ಟ ಬೇರಿನ ಕೆಳಗೆ ನುಸುಳಿ ಎಡಕ್ಕೆ ಹೊರಟಿತು. ಹುಡುಗ ಮೊಬೈಲಿನಲ್ಲಿ ಎಣಿಸುತ್ತಿದ್ದ. ಅರ್ಧ ನಿಮಿಷದೊಳಗೆ ಅದು ಸ್ಪಾಂಜ್ ಸೇರಿತು. ಡ್ಯಾನಿಯೊಗಳು ನೀರಿನ ನಡುಮಟ್ಟದಲ್ಲಿ ಸಾಲಾಗಿ ಹರಿವಿಗೆ ಮುಖಕೊಟ್ಟು ಈಜುತ್ತಿದ್ದವು.